ಎಡಗೆನ್ನೆಯ ಉರಿ

ನನಗೆ ಕ್ಷೌರ ಮಾಡುತ್ತಿದ್ದವರ ಎಡಗೈ ಹೆಬ್ಬೆರಳು ಸದಾ ನೀರಿನಲ್ಲಿ ನೆಂದು ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಆ ಬೆರಳಿನಿಂದ ನನ್ನ ಕೆನ್ನೆಯನ್ನು ಕಿವಿಯತ್ತ ಎಳೆದು ಹಿಡಿದು ಕತ್ತಿ ಆಡಿಸುತ್ತಿದ್ದರು. ಹದಿನಾರು ಎಂಬ ಹೆಸರಿನ ನಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಕಟಿಂಗ್ ಶಾಪಿನಲ್ಲಿ ಇಪ್ಪತ್ತು ವರ್ಷ, ಪ್ರತಿ ಭಾನುವಾರ, ನನ್ನ ಮುಖ ಅವರ ಸುಪರ್ದಿನಲ್ಲಿತ್ತು. ನಾನು ಊರಿನ ಶಾಲೆಯ ಮೇಷ್ಟ್ರು. ಆದರೆ ಆ ಕುರ್ಚಿಯಲ್ಲಿ ಕೂತ ಮೇಲೆ ಪ್ರಶ್ನೆ ಕೇಳುವವರು ಅವರೇ. ಬಾಳೆಹಣ್ಣಿಗೆ ಬೀಜ ಯಾಕಿಲ್ಲ? ಉತ್ತರ ಗೊತ್ತಿಲ್ಲದಿದ್ದರೆ "ಓದ್ಕೊಂಡು ಬನ್ನಿ ಮೇಷ್ಟ್ರೇ" ಎಂದು ನನಗೇ ಹೋಂವರ್ಕ್!

ಶೇವಿಂಗ್ ಮುಗಿಸಿ, ಗೀರಿದ ಕಡೆ ಚುರುಗುಟ್ಟಿ ರಕ್ತ ನಿಲ್ಲಿಸುವ ಪಟಿಕದ ಕಲ್ಲು ಸವರುವಾಗ ಅವರು ಕೆನ್ನೆ ನೋಡುತ್ತಿರಲಿಲ್ಲ, ಕನ್ನಡಿಯಲ್ಲಿ ನನ್ನ ಕಣ್ಣು ನೋಡುತ್ತಿದ್ದರು. ಎಲ್ಲಿ ಉರಿಯಿತೆಂದು ಕಣ್ಣೇ ಹೇಳುತ್ತದಂತೆ. ಒಂದು ಭಾನುವಾರ ಎಡಗೆನ್ನೆ ಸಣ್ಣಗೆ ಗೀರಿ ರಕ್ತ ಒಸರಿತು. ಪಟಿಕ ಒತ್ತಿದರು. ನಾನು ಮಾತಾಡುತ್ತಲೇ ಇದ್ದೆ.

"ಮೇಷ್ಟ್ರೇ, ಉರೀತಿಲ್ವಾ?"

"ಇಲ್ಲವಲ್ಲ."

"ಓದ್ ವಾರಾನೂ ಇಂಗೇ. ಈ ಕೆನ್ನೆಗೆ ಏನೋ ಆಗೈತೆ ಕಣ್ರೀ. ಆಸ್ಪತ್ರೆಗೆ ಓಗಿ."

ವಯಸ್ಸಾಯಿತು ಬಿಡಿ ಎಂದೆ. ಮುಂದಿನ ವಾರ ಅವರು ಕತ್ತಿ ಮುಟ್ಟಲಿಲ್ಲ. "ತೋರಿಸ್ಕೊಂಡು ಬರಗಂಟ ನಿಮ್ಗೆ ಶೇವ್ ಮಾಡಕಿಲ್ಲ." ನನಗೂ ರೇಗಿತು. ಗಡ್ಡ ಬಿಟ್ಟುಕೊಂಡೇ ಒಂದು ವಾರ ಪಾಠ ಮಾಡಿ, ಕೊನೆಗೆ ಸೋತು ನಂಜನಗೂಡಿಗೆ ಹೋದೆ. ಅಲ್ಲಿನ ಡಾಕ್ಟರು ಮೈಸೂರಿಗೆ ಕಳಿಸಿದರು.

ಸ್ಕ್ಯಾನಿನಲ್ಲಿ ಕಂಡಿತು: ತಲೆಬುರುಡೆಯ ತಳದಲ್ಲಿ, ಮುಖಕ್ಕೆ ಸ್ಪರ್ಶ ತಿಳಿಸುವ ನರದ ಮೇಲೆ, ನೆಲ್ಲಿಕಾಯಿ ಗಾತ್ರದ ಗಡ್ಡೆ. ಕ್ಯಾನ್ಸರ್ ಅಲ್ಲ, ಬಲು ಅಪರೂಪದ್ದು. ಬಿಟ್ಟರೆ ಮಿದುಳನ್ನು ಒತ್ತಿ ಪ್ರಾಣಕ್ಕೇ ಕುತ್ತು ಎಂದರು. ಹೆದರಿ, ಸ್ಕ್ಯಾನ್ ಫಿಲ್ಮು ಹಿಡಿದುಕೊಂಡು ನೆಟ್ಟಗೆ ಶಾಪಿಗೆ ಬಂದೆ. ನಮ್ಮ ಶಾಪಿನವರಿಗೆ ಮಾತ್ರ ಕುತೂಹಲ! ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು, "ಅಷ್ಟು ಬುಡದಲ್ಲಿರೋದ್ನ ಯಾವ ದಾರೀಲಿ ಓಗಿ ತೆಗೀತಾರೆ? ಕೇಳ್ಕೊಂಡು ಬನ್ನಿ" ಎಂದರು.

ಡಾಕ್ಟರನ್ನು ಕೇಳಿದೆ. ಕಿವಿಯ ಮೇಲುಗಡೆ ಮೂಳೆ ತೆರೆದು, ಮಿದುಳನ್ನು ಮೆಲ್ಲಗೆ ಸರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ನರದ ಎಳೆಗಳನ್ನು ಉಳಿಸಿಕೊಂಡು ಗಡ್ಡೆಯನ್ನು ಚೂರುಚೂರಾಗಿ ತೆಗೆಯುತ್ತಾರಂತೆ. ಬಂದು ಹೇಳಿದಾಗ ನಮ್ಮ ಶಾಪಿನವರು ಆ ದಾರಿಯನ್ನು ಬಾಚಣಿಗೆಯಿಂದ ತಮ್ಮ ತಲೆಯ ಮೇಲೇ ಗೆರೆ ಎಳೆದು ನೋಡಿದರು. "ಅಬ್ಬಾ! ಅವರ್ದೂ ಕೈಕೆಲ್ಸಾನೇ ಕಣ್ರೀ. ಕೈ ನಡುಗದೋರ ಅತ್ರ ಎದ್ರಬ್ಯಾಡಿ." ಆ ಮಾತಿಗೇ ನನ್ನ ಭಯ ಅರ್ಧ ಇಳಿಯಿತು.

ಆಪರೇಷನ್ ಏಳು ಗಂಟೆ ಹಿಡಿಯಿತು. ಬದುಕಿ ಬಂದೆ. ಕೆನ್ನೆ ಮರಗಟ್ಟಿಯೇ ಇತ್ತು. ಸ್ಪರ್ಶ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಇವರು ತಮ್ಮ ಪಟಿಕದ ಕಲ್ಲನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಜೇಬಿಗೆ ಹಾಕಿದರು. "ದಿನಾ ಸವರ್ಕಳಿ. ಉರಿದ ದಿನ ಬಂದು ತಿಳಿಸ್ಬೇಕು."

ಪ್ರತಿ ಭಾನುವಾರ "ಉರೀತಾ?" ಎನ್ನುವರು. ಇಲ್ಲ ಎನ್ನುವೆ. ಹೀಗೆ ಎಂಟು ತಿಂಗಳು ಕಳೆಯಿತು. ಆಮೇಲೆ ಎದೆನೋವು ಬಂದು ಅವರೇ ಹೋಗಿಬಿಟ್ಟರು. ನನ್ನ ಕಾಯಿಲೆಯನ್ನು ಕಣ್ಣಿನಲ್ಲೇ ಹಿಡಿದವರು ತಮ್ಮದನ್ನು ಯಾರಿಗೂ ಹೇಳಿರಲಿಲ್ಲ. ಅದೊಂದು ಸಂಕಟ ನನಗೆ ಇವತ್ತಿಗೂ ಇದೆ.

ಆ ತುಂಡು ಈಗ ಹುಣಸೆಬೀಜದಷ್ಟಾಗಿದೆ. ಮೊನ್ನೆ ಬೆಳಿಗ್ಗೆ ನಾನೇ ಶೇವ್ ಮಾಡಿಕೊಂಡು ಸವರಿದಾಗ ದವಡೆಯ ಹತ್ತಿರ ಚುರ್ ಎಂದಿತು. ಮತ್ತೆ ಸವರಿದೆ; ಮತ್ತೆ ಉರಿಯಿತು. ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡ್‌ವರೆಗೂ ಓಡಿದೆ. ಬೀಗ ಹಾಕಿದ ಶಟರ್ ಕಂಡಾಗಲೇ ಅವರಿಲ್ಲವೆಂಬುದು ನೆನಪಾದದ್ದು. ಆದರೂ ಹತ್ತಿರ ಹೋಗಿ, ಶಟರಿಗೆ ಕೈಯಿಟ್ಟು ಹೇಳಿದೆ:

"ಉರೀತು ಕಣಣ್ಣ."