ಹಸಿರು ಬಳೆ ಬರೆದ ಗಾದಿಲಿಂಗಪ್ಪನವರು

ಗಾದಿಲಿಂಗಪ್ಪನವರ ಎಡಗೈ ಹೆಬ್ಬೆರಳಿನ ಉಗುರು ದಿನಕ್ಕೊಂದು ಬಣ್ಣದಲ್ಲಿರುತ್ತಿತ್ತು. ಕುಂಚ ಅದ್ದಿದ ಮೇಲೆ ಬಣ್ಣ ಸರಿ ಕೂತಿದೆಯೋ ಇಲ್ಲವೋ ಎಂದು ಅವರು ಮೊದಲು ಉಗುರಿನ ಮೇಲೆ ಎಳೆದು ನೋಡುತ್ತಿದ್ದರು. ನೀಲಿ ಇದ್ದರೆ ಯಾವುದೋ ಅಕ್ಕಿ ಮಿಲ್ಲಿನ ನವಿಲು. ಕೆಂಪು ಇದ್ದರೆ ಇನ್ನೊಂದು ಮಿಲ್ಲಿನ ಗುಲಾಬಿ. ಸಿರುಗುಪ್ಪದ ಹಮಾಲರು ಆ ಉಗುರು ನೋಡಿಯೇ ಇವತ್ತು ಯಾರ ಚೀಲದ ಕೆಲಸ ಎಂದು ಹೇಳುತ್ತಿದ್ದರು. ಸೀಮೆಎಣ್ಣೆ ಹಾಕಿ ಎಷ್ಟು ತಿಕ್ಕಿದರೂ ಉಗುರಿನ ಅಂಚಿನಲ್ಲಿ ನಿನ್ನೆಯ ಬಣ್ಣ ಸ್ವಲ್ಪ ಉಳಿದಿರುತ್ತಿತ್ತು.

ಮಕ್ಕಳೇ, ನಮ್ಮ ಸಂಡಿಗೆ ಪಾಕೀಟಿನ ಮೇಲಿರುವ ಕೈಯನ್ನು ಬರೆದವರು ಅವರೇ. ಅದು ಯಾರ ಕೈ ಎಂದು ಹೋದ ಬೇಸಿಗೆಯಲ್ಲಿ ನೀವು ಕೇಳಿದಿರಿ. ನಾನು ಏನೂ ಹೇಳದೆ ಒಳಗೆ ಹೋದೆ. ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ. ಬರೆಯುವುದು ಅಷ್ಟಿಷ್ಟು ಬರುತ್ತದೆ.

ನಿಮ್ಮ ತಾತ ಇದ್ದಾಗ ನಮ್ಮ ಪಾಕೀಟಿಗೆ ಗುರುತೇ ಇರಲಿಲ್ಲ. ಬಿಳಿ ಕವರಿನಲ್ಲಿ ಸಂಡಿಗೆ ತುಂಬಿ, ಮೇಣದ ಬತ್ತಿಯಲ್ಲಿ ಕವರಿನ ಬಾಯಿ ಸುಟ್ಟು ಅಂಟಿಸಿ, ಗಾಡಿಯ ಹಿಂದೆ ಕಟ್ಟಿಕೊಂಡು ಕುರುಗೋಡಿನಿಂದ ಬಳ್ಳಾರಿಗೆ ಹೋಗುತ್ತಿದ್ದರು. ಅವರ ಮುಖ ಕಂಡರೆ ಅಂಗಡಿಯವರಿಗೆ ಸರಕು ಯಾರದೆಂದು ಗೊತ್ತಾಗುತ್ತಿತ್ತು. ಅವರು ತೀರಿಕೊಂಡ ಮೇಲೆ ನಿಮ್ಮ ಅಪ್ಪನ ಜೊತೆ ನಾನು ಹೋಗತೊಡಗಿದೆ. ಅಂಗಡಿಯಲ್ಲಿ ನಾನು ಮಾತಾಡುತ್ತಿರಲಿಲ್ಲ. ಚೀಲ ಹಿಡಿದುಕೊಂಡು ಕಂಬದ ಪಕ್ಕ ನಿಲ್ಲುತ್ತಿದ್ದೆ.

ಒಂದು ದಿನ ಅಂಗಡಿ ಶೆಟ್ಟರು ಪಾಕೀಟುಗಳನ್ನು ಒಳಗೆ ತೆಗೆದುಕೊಳ್ಳಲಿಲ್ಲ.

"ಯಜಮಾನ್ರು ತಂದಿಟ್ರ ನನಗ ಗೊತ್ತಾಗ್ತಿತ್ತಮ್ಮಾ. ಈಗ ಮೂರು ಮಂದಿ ಇಂಥವೇ ಬಿಳಿ ಕವರ್ ತರ್ತಾರ. ಯಾರದೋ ಪಾಕೀಟಿನಾಗ ಉಸುಕು ಬಂದು, ಗಿರಾಕಿ ನಿಮ್ಮ ಊರಿನ ಹೆಸ್ರು ಹಿಡಿದು ಬೈದು ಹೋದ. ಯುಗಾದಿ ಒಳಗ ಒಂದು ಗುರ್ತು ಹಾಕ್ಸಿ ತರ್ರಿ. ಇಲ್ಲಾಂದ್ರ ಬ್ಯಾಡ."

ಆಗ ನಮ್ಮ ಮಾಳಿಗೆಯ ಮೇಲೆ ನಾಲ್ಕು ಮಂದಿ ಹೆಣ್ಣುಮಕ್ಕಳು ದುಡಿಯುತ್ತಿದ್ದರು. ಆ ಅಂಗಡಿ ತಪ್ಪಿದರೆ ಅವರನ್ನೂ ಬಿಡಿಸಬೇಕಾಗುತ್ತಿತ್ತು. ನಿಮ್ಮ ಅಪ್ಪ ಬಳ್ಳಾರಿಯಲ್ಲೇ ಒಂದು ದೊಡ್ಡ ಕಂಪ್ಯೂಟರ್ ಅಂಗಡಿಗೆ ಹೋಗಿ ಲೋಗೋ ಮಾಡಲು ಎಷ್ಟಾಗುತ್ತದೆ ಎಂದು ಕೇಳಿದ. ಅವರು ಹೇಳಿದ್ದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಆಮೇಲೆ ಫೋನಿನಲ್ಲಿ ಪುಕ್ಕಟೆ ಸಿಗುವ ಒಂದು ಚಿತ್ರ ಇಳಿಸಿಕೊಂಡ. ತಲೆಯ ಮೇಲೆ ಕೊಡ ಹೊತ್ತು ನಗುವ ಹೆಂಗಸು. ಶೆಟ್ಟರು ಅದನ್ನು ನೋಡಿ, ಹಿಂದಿನ ಗೂಟದಿಂದ ಒಂದು ಉಪ್ಪಿನಕಾಯಿ ಪಾಕೀಟು ತೆಗೆದು ಪಕ್ಕದಲ್ಲಿಟ್ಟರು. ಅದರ ಮೇಲೂ ಅದೇ ಹೆಂಗಸು, ಅದೇ ಕೊಡ.

ಬಸ್ಸಿನಲ್ಲಿ ಬರುವಾಗ ನಿಮ್ಮ ಅಪ್ಪ ಹೇಳಿದ: "ಯವ್ವಾ, ಅಪ್ಪನ ಫೋಟೋನೇ ಹಾಕೋಣು. ಖರ್ಚಿಲ್ಲ. ಮಾರ್ಕೆಟ್ಟಿನಾಗ ಎಲ್ಲಾರಿಗೂ ಅಪ್ಪನ ಮುಖ ಗೊತ್ತೈತಿ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಖಾರದ ಪುಡಿ, ಊದಿನಕಡ್ಡಿ ಎಷ್ಟೋ ಪಾಕೀಟುಗಳ ಮೇಲೆ ತೀರಿಹೋದ ಹಿರಿಯರ ಫೋಟೋ ಇರುತ್ತದೆ. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ನಾನು ಹಾಗೇ ಇರುತ್ತಿದ್ದೆ. ಅಳು ಕೂಡ ಬರುತ್ತಿರಲಿಲ್ಲ.

ಆದರೆ ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ತಾತ ತೀರಿಕೊಂಡಾಗ ಅವರ ಗೆಳೆಯರು ಕುರುಗೋಡಿನ ಬಸ್ಸು ನಿಲ್ಲುವ ಕಡೆ ಅವರ ದೊಡ್ಡ ಫೋಟೋ ಇರುವ ಫ್ಲೆಕ್ಸ್ ಕಟ್ಟಿಸಿದ್ದರು. ತಿಂಗಳ ಮೇಲೆ ಅದು ಅಲ್ಲಿರಲಿಲ್ಲ. ಗಾಳಿಗೆ ಹೋಗಿರಬೇಕು ಅಂದುಕೊಂಡೆ. ಆಮೇಲೊಂದು ದಿನ ಗುಡ್ಡದ ಕಡೆಯ ಓಣಿಯಲ್ಲಿ ಬರುತ್ತಿದ್ದಾಗ ಒಂದು ಮನೆಯ ಮುಂದೆ ಮೆಣಸಿನಕಾಯಿ ಒಣಹಾಕಿದ್ದರು. ಕೆಳಗೆ ಹಾಸಿದ್ದು ಆ ಫ್ಲೆಕ್ಸು. ಒಬ್ಬ ಹೆಂಗಸು ಕಾಲಿನಿಂದ ಮೆಣಸಿನಕಾಯಿ ಹರವುತ್ತಿದ್ದಳು. ಕಾಯಿ ಸರಿದಾಗ ಒಂದು ಕಣ್ಣು, ಅರ್ಧ ಮೀಸೆ ಕಂಡವು. ಅವಳು "ಎಲ್ಲಿಗೆ ಹೋಗಿದ್ರಿ ಅಮ್ಮಾ?" ಅಂದಳು. "ಇಲ್ಲೇ" ಅಂದು ಮನೆಗೆ ಬಂದು ಅಕ್ಕಿ ಆರಿಸಿದೆ. ಅವಳದೇನೂ ತಪ್ಪಿಲ್ಲ. ನಮ್ಮ ಮಾಳಿಗೆಯ ಮೇಲೂ ಧೂಳು ಬರಬಾರದೆಂದು ಕೆಳಗೆ ಹಳೆಯ ಫ್ಲೆಕ್ಸ್ ಹಾಸಿ, ಅದರ ಮೇಲೆ ತೊಳೆದ ಧೋತರ ಹಾಸುತ್ತಿದ್ದೆವು. ಆ ಫ್ಲೆಕ್ಸುಗಳಲ್ಲಿಯೂ ಮುಖಗಳಿದ್ದವು. ಅವು ಯಾರವೆಂದು ನಾನು ಯಾವತ್ತೂ ನೋಡಿರಲಿಲ್ಲ.

ಸಂಡಿಗೆಗೆ ಬೇಕಾದ ಅಕ್ಕಿ ನುಚ್ಚು ತರಲು ನಾವು ಸಿರುಗುಪ್ಪದ ಮಿಲ್ಲಿಗೆ ಹೋಗುತ್ತಿದ್ದೆವು. ಫೋಟೋ ಪಾಕೀಟಿನ ಅಳತೆಗೆ ಹೊಂದುವಂತೆ ಚೆಂದ ಮಾಡಿಕೊಡುವವರು ಯಾರಿದ್ದಾರೆ ಎಂದು ನಿಮ್ಮ ಅಪ್ಪ ಅಲ್ಲಿ ಕೇಳಿದಾಗ ಗಾದಿಲಿಂಗಪ್ಪನವರ ಹೆಸರು ಹೇಳಿದರು.

ಮಿಲ್ಲಿನ ಎದುರಿಗೆ, ರಸ್ತೆಯ ಆಚೆ, ತಗಡಿನ ಶೆಡ್ಡು. ನಾವು ಹೋದಾಗ ಅವರು ಶೆಡ್ಡಿನೊಳಗೆ ಇರಲಿಲ್ಲ. ರಸ್ತೆಯ ಈ ಕಡೆ, ಲಾರಿಗಳ ನಡುವೆ, ಶೆಡ್ಡಿಗೆ ಬೆನ್ನು ಮಾಡಿ ನಿಂತಿದ್ದರು. ತಟ್ಟನೆ ತಿರುಗಿ, ತಾವೇ ಬರೆದು ನಿಲ್ಲಿಸಿದ್ದ ಒಂದು ಎತ್ತಿನ ಚಿತ್ರವನ್ನು ನೋಡಿ, "ಕಾದು, ಕಾದು" ಎಂದು ತೆಲುಗಿನಲ್ಲಿ ತಲೆಯಾಡಿಸಿದರು. ಅಲ್ಲ ಎಂದು ಅರ್ಥ. ಹೋಗಿ ಎತ್ತಿನ ಕೊಂಬು ಒರೆಸಿದರು. ಮತ್ತೆ ರಸ್ತೆ ದಾಟಿ ಬಂದರು. ಪ್ರತಿಯೊಂದು ಚಿತ್ರಕ್ಕೂ ಅವರು ಹೀಗೆ ಮಾಡುತ್ತಿದ್ದರೆಂದು ಆಮೇಲೆ ತಿಳಿಯಿತು. ಲಾರಿಯವರು ಬೈಯುತ್ತಿದ್ದರು. ಇವರು ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದರು.

ನಿಮ್ಮ ಅಪ್ಪ ಫೋಟೋ ಕೊಟ್ಟು ವಿಷಯ ಹೇಳಿದ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು.

"ಅಮ್ಮಾ, ನೀವೇನಂತೀರಿ?"

ನಾನು ನೆಲ ನೋಡಿದೆ.

"ನಮ್ಮವ್ವ ಮಾತಾಡಲ್ಲಣ್ಣಾ, ಅವ್ರ ಸ್ವಭಾವನೇ ಅಷ್ಟು" ಎಂದ ನಿಮ್ಮ ಅಪ್ಪ.

"ಆತು ಬಿಡಪಾ. ವಾರ ಬಿಟ್ಟು ಬರ್ರಿ. ಬರುವಾಗ ಸಂಡಿಗಿ ತರ್ರಿ. ಕರಿದದ್ದು ಬ್ಯಾಡ, ಒಣಗಿದ್ದು. ನಾನು ಸರಕು ನೋಡಲಾರ್ದ ಗುರ್ತು ಬರಿಯಲ್ಲ." ಆಮೇಲೆ ತಮ್ಮ ಪದ್ಧತಿ ಹೇಳಿದರು. "ನನ್ನ ಚಿತ್ರಕ್ಕ ಪರೀಕ್ಷಿ ಮಾಡಾಂವ ಹಮಾಲಿ ಹುಸೇನಪ್ಪ. ಆತಗ ಓದಾಕ ಬರಲ್ಲ. ಓದಾಕ ಬಂದೋರಿಗೆ ಹೆಸ್ರು ಸಾಕು, ಬರಲಾರ್ದೋರಿಗೆ ಗುರ್ತು ಬೇಕು. ಹತ್ತಾರು ಪಾಕೀಟಿನಾಗ ಆತ ನಿಮ್ದು ಹುಡುಕಿ ತಂದ್ರ ರೊಕ್ಕ ಕೊಡ್ರಿ. ಅದೂ ಭಾಳ ಏನಿಲ್ಲ. ತರಲಿಲ್ಲಾಂದ್ರ ಚಿತ್ರ ನಂದು, ಸಂಡಿಗಿ ನಿಮ್ದು."

ಮಿಲ್ಲಿನ ಸಾಹುಕಾರರಿಗೂ ಅವರದು ಇದೇ ಮಾತು ಎಂದು ಹಮಾಲರು ಹೇಳುತ್ತಿದ್ದರು.

ವಾರ ಬಿಟ್ಟು ಹೋದಾಗ ಅವರು ಸಂಡಿಗೆಗಳನ್ನು ಪೇಪರಿನ ಮೇಲೆ ಹರವಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು.

"ಎಲ್ಲಾದಕ್ಕೂ ನಡುವೆ ಕುಣಿ ಐತಲ್ಲಮ್ಮಾ, ಯಾಕ?"

ಅದು ನನ್ನ ಕೆಲಸದ ಮಾತು. ಅದಕ್ಕೆ ಉತ್ತರ ಬಂತು. "ನಡುವೆ ದಪ್ಪ ಇದ್ರ ಒಳಗ ಹಸಿ ಉಳಿತೈತ್ರಿ. ಕರಿದ್ರ ಅರಳಂಗಿಲ್ಲ. ಉಂಡಿ ಇಟ್ಟು ಹೆಬ್ಬಟ್ಟಿಲೆ ಒತ್ತತೀವಿ."

"ಎಲ್ಲಾರೂ ಒತ್ತತಾರೇನು?"

"ಇಲ್ರಿ. ನಮ್ಮತ್ತಿ ಕಲಿಸಿದ್ದು."

ಅವರು ತಾತನ ಫೋಟೋ ತೆಗೆದು ನನ್ನ ಮುಂದಿಟ್ಟರು. "ಇದನ್ನ ಪಾಕೀಟಿನ ಮ್ಯಾಲೆ ಹಾಕ್ಲಾ, ಬ್ಯಾಡಾ? ನಿಮ್ಮ ಬಾಯಿಲೇ ಹೇಳ್ರಿ. ನಿಮ್ಮ ಮಗನ್ನ ಕೇಳಂಗಿಲ್ಲ ನಾನು."

ಹೊರಗೆ ಲಾರಿಯವನು ಹಾರನ್ ಹಾಕುತ್ತಲೇ ಇದ್ದ. ಅದು ನಿಂತ ಮೇಲೆ ನಾನು ಹೇಳಿದೆ.

"ಬ್ಯಾಡ್ರಿ. ಅವ್ರ ಫ್ಲೆಕ್ಸ್ ಮ್ಯಾಲೆ ಮೆಣಸಿನಕಾಯಿ ಹಾಕಿದ್ರು. ಕಾಲಿಲೆ ಹರವತಿದ್ರು. ನಾ ನೋಡೀನಿ."

ನಿಮ್ಮ ಅಪ್ಪ "ಯಾವಾಗ? ಯಾರ ಮನಿ ಮುಂದ?" ಎಂದು ಎದ್ದು ನಿಂತ. ನಾನು ಮನೆ ಹೇಳಲಿಲ್ಲ. ಗಾದಿಲಿಂಗಪ್ಪನವರು ಅವನ ಭುಜ ಹಿಡಿದು ಕೂರಿಸಿದರು. ಫೋಟೋವನ್ನು ಅಂಗಿಯ ತುದಿಯಿಂದ ಒರೆಸಿ ಅವನ ಕೈಗೆ ಕೊಟ್ಟರು.

"ಯಾರ ಮನಿ ಆದ್ರೇನು ತಮ್ಮಾ. ಪಾಕೀಟು ಅಂದ್ರ ಹರಿದು ಒಗಿಯೋ ವಸ್ತು. ಕಾಲಾಗ ಬರ್ತೈತಿ, ಚರಂಡ್ಯಾಗ ಬೀಳ್ತೈತಿ. ಅದರ ಮ್ಯಾಲೆ ಮನಿ ಮನುಷ್ಯಾರ ಮುಖ ಹಾಕಬಾರ್ದು. ನಾನು ಸತ್ರೂ ನನ್ನ ಫ್ಲೆಕ್ಸ್ ಕಟ್ಟಬ್ಯಾಡ್ರಿ ಅಂತ ಮಗಳಿಗೆ ಹೇಳೀನಿ. ಇದನ್ನ ಒಯ್ದು ಗ್ವಾಡಿಗೆ ಹಾಕು."

ನಿಮ್ಮ ಅಪ್ಪ ಫೋಟೋವನ್ನು ಅಂಗಿಯ ಒಳಗೆ ಇಟ್ಟುಕೊಂಡ.

ಮೊದಲು ಬರೆದ ಗುರುತು ಪರೀಕ್ಷೆಯಲ್ಲಿ ಬಿತ್ತು. ಬಿಳಿಯ ಉಂಡೆ, ನಡುವೆ ಗುಳಿ ಬರೆದಿದ್ದರು. ಹುಸೇನಪ್ಪ ಚೀಲ ಇಳಿಸಿ, ತಲೆಗೆ ಸುತ್ತಿದ ಟವೆಲ್ಲಿನಲ್ಲಿ ಬೆವರು ಒರೆಸುತ್ತಾ ಬಂದು ರಸ್ತೆಯಾಚೆಯಿಂದ ನೋಡಿದ.

"ಉದ್ದಿನವಡಿ ಪಾಕೀಟು ಇಟ್ಟೀರಿ. ಸಂಡಿಗೀದು ಎಲ್ಲೈತಿ?"

"ಲೇ ಹುಸೇನಪ್ಪಾ, ನನ್ನ ಕೂಲಿ ತಿಂದ್ಯಲ್ಲೋ!"

"ನಾನೇನ್ ಮಾಡ್ಲಿ? ತೂತು ಕಾಣ್ತು, ಹಸಿವಾತು."

ಗಾದಿಲಿಂಗಪ್ಪನವರು ಕೆಮ್ಮು ಬರುವವರೆಗೆ ನಕ್ಕರು. ನಿಮ್ಮ ಅಪ್ಪನೂ ನಕ್ಕ. ನನಗೆ ನಗು ಬರಲಿಲ್ಲ, ಆದರೆ ಸೆರಗು ಬಾಯಿಗೆ ಹಿಡಿದುಕೊಂಡೆ.

ಎರಡನೆಯ ಸಲ ಹೋದಾಗ ಅವರ ಉಗುರು ಅರ್ಧ ಕೆಂಪು, ಅರ್ಧ ಹಸಿರು ಇತ್ತು. "ಎರಡು ಬಣ್ಣದ ಮ್ಯಾಲೆ ಹೋದ್ರ ಅಚ್ಚಿನ ಖರ್ಚು ನಿಮ್ಮನ್ನ ನುಂಗತೈತಿ. ಮೂರನೇದು ಕವರಿನ ಬಿಳುಪು, ಅದು ಪುಕ್ಕಟಿ" ಎಂದರು. ಕೆಂಪು ಗೆರೆಯಲ್ಲಿ ಒಂದು ಕೈ ಬರೆದಿದ್ದರು. ಹೆಬ್ಬೆರಳು ಬಿಳಿಯ ಉಂಡೆಯನ್ನು ಒತ್ತುತ್ತಿತ್ತು. ಮುಂಗೈ ತುಂಬ ಹಸಿರು ಬಳೆ.

ನಾನು ಬಳೆಗಳನ್ನು ನೋಡಿದೆ. ನನ್ನ ಕೈಗಳನ್ನು ಸೆರಗಿನ ಒಳಗೆ ಎಳೆದುಕೊಂಡೆ.

ಅವರಿಗೆ ಅದು ಕಂಡಿತು. "ಇದು ನಿಮ್ಮ ಕೈ ಅಲ್ಲಮ್ಮಾ. ಸಂಡಿಗಿ ಒತ್ತೋ ಕೈ. ನಿಮ್ಮತ್ತೀದು ಇರಬೌದು, ನಾಳೆ ನಿಮ್ಮ ಮೊಮ್ಮಗಳದು ಇರಬೌದು. ಆ ಕೈಗೆ ಬಳಿ ಇರ್ಲಿ. ಬ್ಯಾಡ ಅಂದ್ರ ಈಗ್ಲೇ ಅಳಸ್ತೀನಿ."

"ಇರ್ಲಿ ಬಿಡ್ರಿ" ಎಂದೆ.

ಹುಸೇನಪ್ಪ ಸುತ್ತಲಿನ ಅಂಗಡಿಗಳಿಂದ ತಂದು ಹರವಿದ್ದ ಪಾಕೀಟುಗಳ ನಡುವಿನಿಂದ ಒಂದೇ ಸಲಕ್ಕೆ ನಮ್ಮದನ್ನು ಎತ್ತಿಕೊಂಡು ಬಂದ. "ಹಸ್ರು ಬಳಿ ಅಮ್ಮಂದು" ಎಂದ. ಗಾದಿಲಿಂಗಪ್ಪನವರ ಮಗಳು ಅದನ್ನು ಫೋನಿನಲ್ಲಿ ತೆಗೆದು, ತನಗೆ ಗೊತ್ತಿದ್ದ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಗೆರೆ ಚೊಕ್ಕ ಮಾಡಿಸಿ ಕೊಟ್ಟಳು. ಯುಗಾದಿಗೆ ಎಂಟು ದಿನ ಇರುವಾಗ ಶೆಟ್ಟರು ಪಾಕೀಟನ್ನು ತಿರುಗಿಸಿ ನೋಡಿ, ಮುಂದಿನ ಗೂಟಕ್ಕೆ ತೂಗುಹಾಕಿದರು. ಮಾಳಿಗೆಯ ಹೆಣ್ಣುಮಕ್ಕಳು ನಾಲ್ವರೂ ಉಳಿದರು. ಬಳ್ಳಾರಿಯಲ್ಲಿ ಈಗಲೂ ಹಸಿರು ಬಳೆ ಸಂಡಿಗೆ ಎಂದೇ ಕೇಳುತ್ತಾರೆ.

ಆಮೇಲೆ ನುಚ್ಚಿಗೆ ಹೋದಾಗಲೆಲ್ಲ ಒಂದು ಪಾಕೀಟು ಅವರ ಶೆಡ್ಡಿನಲ್ಲಿ ಇಟ್ಟು ಬರುತ್ತಿದ್ದೆ. "ಅಮ್ಮಾ, ಮಾತು ತಂದೀರೇನು, ಬರೇ ಸಂಡಿಗೀನೋ?" ಎಂದು ಕೇಳುತ್ತಿದ್ದರು. "ಬರೇ ಸಂಡಿಗಿ" ಎನ್ನುತ್ತಿದ್ದೆ. ನಮ್ಮ ಮಾತು ಅಷ್ಟೇ.

ಹೋದ ವರ್ಷ ಅವರನ್ನು ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದ್ದಾರೆಂದು ಗೊತ್ತಾಗಿ ನೋಡಲು ಹೋದೆ. ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನನ್ನು ಗುರುತು ಹಿಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಎಡಗೈ ಹೊದಿಕೆಯ ಮೇಲಿತ್ತು. ಉಗುರಿನ ಮೇಲೆ ಯಾವ ಬಣ್ಣವೂ ಇರಲಿಲ್ಲ. ಅಂಚಿನಲ್ಲಿಯೂ ಇರಲಿಲ್ಲ. ಪಾಕೀಟು ತಲೆದಿಂಬಿನ ಪಕ್ಕ ಇಟ್ಟು ಬಂದೆ.

ಮುಂದಿನ ಸಲ ಸಿರುಗುಪ್ಪಕ್ಕೆ ಹೋದಾಗ ಮಿಲ್ಲಿನ ಮುಂದೆ ಅವರ ಶ್ರದ್ಧಾಂಜಲಿ ಫ್ಲೆಕ್ಸ್ ಇತ್ತು. ಮಗಳು ಬೇಡ ಅಂದಿದ್ದಳಂತೆ, ಹಮಾಲರೇ ಕೂಡಿ ಪ್ರೀತಿಯಿಂದ ಕಟ್ಟಿಸಿದ್ದರಂತೆ. ನಾನು ನೋಡಿ, ನುಚ್ಚು ತೆಗೆದುಕೊಂಡು ಬಂದೆ. ಅದರ ಮುಂದಿನ ಸಲ ಹೋದಾಗ ಒಂದು ಕಡೆಯ ಹಗ್ಗ ಬಿಚ್ಚಿ, ಅರ್ಧ ಫ್ಲೆಕ್ಸ್ ಚರಂಡಿಯ ಅಂಚಿಗೆ ಇಳಿದಿತ್ತು. ಮುಖದ ಮೇಲೆ ಯಾವುದೋ ಗಾಡಿ ಹಾಯ್ದ ಗುರುತು ಇತ್ತು.

ನಾನು ನುಚ್ಚಿನ ಚೀಲ ಕೆಳಗಿಟ್ಟೆ. ಉಳಿದ ಎರಡು ಗಂಟುಗಳನ್ನು ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲು ಹಚ್ಚಬೇಕಾಯಿತು. ಮಿಲ್ಲಿನ ಮುಂದೆ ಕೂತವರು ನೋಡುತ್ತಿದ್ದರು. ಸೆರಗಿನಿಂದ ಮುಖ ಒರೆಸಿ ಸುರುಳಿ ಸುತ್ತುತ್ತಿದ್ದಾಗ ಹುಸೇನಪ್ಪ ಓಡಿ ಬಂದ.

"ಅಮ್ಮಾ, ಮಾಳಿಗಿಗೆ ಹಾಸಾಕ ಬೇಕೇನ್ರಿ? ಗೋಡೌನಿನಾಗ ಬ್ಯಾರೆ ಅದಾವ, ಕೊಡ್ತೀನಿ."

"ಇದು ಹಾಸಾಕಲ್ಲಪ್ಪಾ" ಎಂದೆ.

ಅವನು ಸುರುಳಿಯ ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಅವರ ಮನೆಗೆ ಹೋದೆವು. ಮಗಳು ಬಾಗಿಲಲ್ಲೇ ನೋಡಿದಳು, ಮುಟ್ಟಲಿಲ್ಲ. "ನೀವೇ ಇಟ್ಟುಬಿಡ್ರಿ ಅಮ್ಮಾ" ಎಂದಳು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುರುಗೋಡಿಗೆ ತಂದೆ.

ನಮ್ಮ ಅಡುಗೆಮನೆಯ ಅಟ್ಟದ ಮೇಲೆ, ಹಿತ್ತಾಳೆ ಹಂಡೆಯ ಹಿಂದೆ, ಹಸಿರು ದಾರ ಕಟ್ಟಿದ ಒಂದು ಉದ್ದನೆಯ ಸುರುಳಿ ಇದೆ. ಮಾಳಿಗೆಯ ಮೇಲೆ ಹಾಸಲು ನಿಮಗೆ ಏನಾದರೂ ಕಡಿಮೆ ಬಿದ್ದರೆ ಬೇರೆ ಯಾವುದನ್ನಾದರೂ ತೆಗೆದುಕೊಳ್ಳಿ. ಅದನ್ನು ಬಿಚ್ಚಬೇಡಿ.