ನೀರು ತುಂಬಿದ್ದ ಡಬ್ಬ

ಅಕ್ಕ ಗಂಡನ ಮನೆ ಬಿಟ್ಟು ಬಂದ ವರ್ಷ ನನಗೆ ಹನ್ನೊಂದೋ ಹನ್ನೆರಡೋ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು, ಮನೆಯಲ್ಲೇ ಇದ್ದೆ. ಅತ್ತಿಗುಪ್ಪೆಯಲ್ಲಿ ನಮ್ಮದು ಎರಡಂಕಣದ ಹೆಂಚಿನ ಮನೆ, ಹಿತ್ತಲು ಮಾತ್ರ ದೊಡ್ಡದು. ಒಂದು ಬೆಳಿಗ್ಗೆ ಅಕ್ಕ ಬಟ್ಟೆಗಂಟು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮುಂಗೈ ಊದಿಕೊಂಡಿತ್ತು. ಅವ್ವ ಏನೂ ಕೇಳದೆ ನೀರು ಕಾಯಿಸಲು ಹೋದಳು. ಮೂರನೆಯ ದಿನ ಊಟಕ್ಕೆ ಕೂತಾಗ ಅಪ್ಪ ಬಾಯಿ ಬಿಟ್ಟ.

“ಅವನು ಕರಿಯಕ್ಕೆ ಬಂದ್ರೆ ನಾನೇನ್ ಹೇಳ್ಲಿ? ಮಗಳನ್ನ ಸುಮ್ನೆ ಕೂರಿಸ್ಕೊಂಡು ಅನ್ನ ಹಾಕ್ತಾವ್ನೆ ಅಂತ ಊರು ನಗಲ್ವಾ?”

“ಸುಮ್ನೆ ಕೂರಲ್ಲ ಅಪ್ಪ. ಕೋಳಿ ಸಾಕ್ತೀನಿ. ದಸರಾ ಗಂಟ ಬಿಡು. ನನ್ನ ಅನ್ನ ನಾನು ದುಡ್ಕೊಳ್ದೇ ಹೋದ್ರೆ ನೀನೇ ಕರ್ಕೊಂಡೋಗಿ ಬಿಟ್ಟು ಬಾ.”

ಅಪ್ಪ ಒಪ್ಪಿದ. ಅವ್ವ ತನ್ನ ಎರಡು ಹೇಂಟೆಗಳನ್ನು ಕೊಟ್ಟಳು. ಅವು ಕಾವು ಕೂತು ಮರಿ ಮಾಡಿ, ಮಳೆ ನಿಲ್ಲುವ ಹೊತ್ತಿಗೆ ಹಿತ್ತಲ ತುಂಬ ಕೋಳಿಯಾದವು. ದಸರಾ ಬಂತು, ಹೋಯಿತು. ಅಪ್ಪ ಆ ಮಾತು ಎತ್ತಲಿಲ್ಲ. ಪಕ್ಕದ ಮನೆಯ ಅಜ್ಜಿ ಮಾತ್ರ ಬೇಲಿಯಾಚೆಯಿಂದ ಕೂಗುತ್ತಿದ್ದಳು: “ನನ್ನ ದಂಟಿನ ಸೊಪ್ಪಿನ ಮಡಿಗೆ ಇನ್ನೊಂದ್ಸಲ ಕಾಲಿಟ್ಟದ್ದು ಸೀದಾ ನಮ್ಮ ಸಾರಿಗೆ ಬೀಳ್ತದೆ, ಹೇಳಿವ್ನಿ!” ಅಜ್ಜಿ ಆಡಿದ್ದನ್ನು ಮಾಡುವವಳು. ಅದಕ್ಕೇ ಅಕ್ಕ ಬಿದಿರ ದಬ್ಬೆಯ ಗೂಡು ಕಟ್ಟಿ, ಮೇಲೆ ಹಳೆಯ ಜಿಂಕ್ ಶೀಟು ಹೊದಿಸಿ, ಕೋಳಿಗಳನ್ನು ಒಳಗೆ ಹಾಕಿದಳು.

ಒಳಗೆ ನೀರಿಡುವುದೇ ಕಷ್ಟವಾಯಿತು. ಚಿಪ್ಪಿನಲ್ಲಿಟ್ಟರೆ ಉರುಳಿಸುತ್ತಿದ್ದವು, ಬೋಸಿಯಲ್ಲಿಟ್ಟರೆ ಅದರಲ್ಲೇ ನಿಂತು ಗಲೀಜು ಮಾಡುತ್ತಿದ್ದವು. ಅಕ್ಕ ಹಾಲಿನ ಪುಡಿಯ ಒಂದು ತಗಡಿನ ಡಬ್ಬ ಹುಡುಕಿ ತಂದಳು. ಅದರ ಬಾಯಿಯ ಅಂಚಿನ ಹತ್ತಿರ ಮೊಳೆಯಿಂದ ಒಂದೇ ಒಂದು ತೂತು ಹೊಡೆದಳು. ನೀರು ತುಂಬಿ, ಮೇಲೆ ಮಣ್ಣಿನ ತಟ್ಟೆ ಮುಚ್ಚಿ, ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿ ಇಟ್ಟಳು. ತಟ್ಟೆಯಲ್ಲಿ ತೂತು ಮುಳುಗುವಷ್ಟು ನೀರು ಬಂದು ತಾನಾಗಿ ನಿಂತಿತು. ಕೋಳಿ ಕುಡಿದಷ್ಟೂ ಮತ್ತೆ ಬರುತ್ತಿತ್ತು. ಅಪ್ಪ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

“ಇದೇನೇ, ಮಂತ್ರ ಹಾಕಿದೀಯಾ ಇದಕ್ಕೆ?”

“ಮಂತ್ರ ಅಲ್ಲ ಕಣಪ್ಪ, ಮೊಳೆ,” ಅಂದಳು ಅಕ್ಕ. ಅವಳು ಬಂದ ಮೇಲೆ ಅಪ್ಪ ನಕ್ಕಿದ್ದು ಅವತ್ತೇ ಮೊದಲು.

ತೌಡು ನುಚ್ಚು ಹಾಕಲು ಬಿದಿರನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿದಳು. ಕೋಳಿ ಹತ್ತಿ ಕೂರಬಾರದೆಂದು ಅದರ ಮೇಲೆ ಗರಗರ ತಿರುಗುವ ಒಂದು ಕೋಲು ಸಿಕ್ಕಿಸಿದಳು. ಹತ್ತಲು ಹೋದ ಹುಂಜ ಜಾರಿ ಬಿದ್ದು, ಯಾರೂ ನೋಡಲಿಲ್ಲವೆಂಬಂತೆ ಆಚೆ ನಡೆದುಹೋಗುತ್ತಿತ್ತು. ಇಷ್ಟಕ್ಕೂ ಅವಳಿಗೆ ಬಿಡಿಗಾಸೂ ಖರ್ಚಾಗಿರಲಿಲ್ಲ. ಮೊಟ್ಟೆಯೆಲ್ಲ ಮಾಗಡಿ ರಸ್ತೆಯ ಹೋಟೆಲಿಗೆ ಹೋಗುತ್ತಿತ್ತು. ನನಗೆ ಒಂದನ್ನೂ ಕೊಡುತ್ತಿರಲಿಲ್ಲ. ಆ ಸಿಟ್ಟು ನನ್ನ ಹೊಟ್ಟೆಯಲ್ಲಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬೇಸಿಗೆಯಲ್ಲಿ ಕೆಂಗೇರಿಯ ಸೋದರತ್ತೆಗೆ ಹೆರಿಗೆಯಾಯಿತು. ಅಕ್ಕ ಮೂರು ದಿನಕ್ಕೆಂದು ಬಾಣಂತಿಯನ್ನು ನೋಡಿಕೊಳ್ಳಲು ಹೋದಳು. ಅಪ್ಪ ಅವ್ವ ಬೆಳಕು ಹರಿಯುವಾಗಲೇ ಕೂಲಿಗೆ ಹೋಗುತ್ತಿದ್ದರು. ಹೊರಡುವಾಗ ಅಕ್ಕ ನನ್ನನ್ನು ಗೂಡಿನ ಮುಂದೆ ಕೂರಿಸಿಕೊಂಡು ಹೇಳಿದಳು: “ತೌಡು ಅವುಗಳ ಮೂತಿಗೆ ಮೆತ್ತಿರ್ತದೆ ಕಣೇ. ಅದು ಹೋಗಿ ತೂತಿಗೆ ಅಂಟ್ಕೊಳ್ತದೆ. ಎರಡೂ ಹೊತ್ತು ಡಬ್ಬ ತೆಗೀಬೇಕು, ತೂತಿಗೆ ಕಡ್ಡಿ ಆಡಿಸ್ಬೇಕು, ಹೊಸ ನೀರು ತುಂಬಬೇಕು. ಮರೀಬೇಡ.”

ಮೊದಲ ದಿನ ಹಾಗೇ ಮಾಡಿದೆ. ಎರಡನೆಯ ದಿನ ಗೂಡಿನ ನಾತಕ್ಕೆ ಒಳಗೆ ಬಗ್ಗಲು ಮನಸ್ಸಾಗಲಿಲ್ಲ. ಹೊಲಗಳಾಚೆ ಹೊಸ ಬಡಾವಣೆಗೆ ಕಲ್ಲು ಒಡೆಯುತ್ತಿದ್ದರು, ಅದನ್ನು ನೋಡಲು ಓಡಬೇಕಿತ್ತು. ಬಾಗಿಲ ಸಂದಿಯಲ್ಲಿ ಕೈ ಹಾಕಿ ಡಬ್ಬವನ್ನು ಅಲ್ಲಾಡಿಸಿ ನೋಡಿದೆ. ಭಾರವಾಗಿತ್ತು. ನೀರಿದೆ ಅಂದುಕೊಂಡೆ. ಸಂಜೆಯೂ ಭಾರವಿತ್ತು. ಕೋಳಿಗಳು ಒಂದೇ ಸಮ ಕೂಗುತ್ತಿದ್ದವು. ಹಸಿವಿರಬೇಕೆಂದು ಇನ್ನಷ್ಟು ಒಣ ತೌಡು ಸುರಿದೆ. ಮಾರನೆಯ ಬೆಳಿಗ್ಗೆಯೂ ಅಲ್ಲಾಡಿಸಿ ನೋಡಿಯೇ ಓಡಿದೆ.

ಮಧ್ಯಾಹ್ನ ಬಂದಾಗ ಗೂಡಿನಲ್ಲಿ ಸದ್ದಿರಲಿಲ್ಲ. ಜಿಂಕ್ ಶೀಟು ಕೈ ಸುಡುತ್ತಿತ್ತು. ಹುಂಜವೂ ಏಳು ಹೇಂಟೆಗಳೂ ಕೊಕ್ಕು ತೆರೆದು ಸತ್ತು ಬಿದ್ದಿದ್ದವು. ತಟ್ಟೆ ಬಿರುಕು ಬಿಡುವಷ್ಟು ಒಣಗಿತ್ತು. ಡಬ್ಬವನ್ನು ಎತ್ತಿದೆ. ಅದರ ತುಂಬ ಇದ್ದ ನೀರೆಲ್ಲ ನನ್ನ ಕಾಲ ಮೇಲೆ ಸುರಿಯಿತು. ತೂತಿನಲ್ಲಿ ತೌಡು ಕಲ್ಲಾಗಿ ಕೂತಿತ್ತು. ಬದುಕಿದ್ದ ಒಂದೇ ಒಂದು ಹೇಂಟೆ ತೆವಳಿಕೊಂಡು ಬಂದು ನನ್ನ ಪಾದದ ಬಳಿಯ ಒದ್ದೆ ಮಣ್ಣನ್ನು ಕುಕ್ಕತೊಡಗಿತು.

ನಾನು ಅಳಲಿಲ್ಲ. ಪೊರಕೆಕಡ್ಡಿ ತಂದು ತೂತು ಬಿಡಿಸಿದೆ. ಡಬ್ಬ ತೊಳೆದು, ನೀರು ತುಂಬಿ, ಅಕ್ಕ ಇಡುವ ಹಾಗೆಯೇ ಇಟ್ಟೆ.

ಸಂಜೆ ಅಕ್ಕ ಬಂದಾಗ ಸತ್ತ ಕೋಳಿಗಳ ನಡುವೆ ತಟ್ಟೆಯಲ್ಲಿ ನೀರು ತಿಳಿಯಾಗಿ ನಿಂತಿತ್ತು.

“ಕಡ್ಡಿ ಆಡಿಸ್ದೇನೇ?”

“ಎರಡೂ ಹೊತ್ತು ಆಡಿಸ್ದೆ ಕಣಕ್ಕ.”

ಅವಳು ನಂಬಿದಳು. ಡಬ್ಬವನ್ನು ಮೂಸಿದಳು, ಒಳಗೆ ಬೆರಳಾಡಿಸಿ ತುಕ್ಕು ಕೆರೆದು ನೋಡಿದಳು. “ತಗಡೇ ನಂಜಾಯ್ತೇನೋ. ನಾನೇ ಕೊಂದ್ಬಿಟ್ನೇನೋ,” ಅಂದಳು. ಅಪ್ಪ ಬಂದವನೇ ಡಬ್ಬವನ್ನು ಒದ್ದ. “ನೆಟ್ಟಗೆ ಎಲ್ಲಾರ ಹಂಗೆ ಮಡಕೇಲಿ ನೀರಿಡೋದು ಬಿಟ್ಟು ಸರ್ಕಸ್ ಮಾಡಿದ್ಲು! ಸಾಕು ನಿನ್ನ ದುಡಿಮೆ.” ‘ನೀನೇ ಬಿಟ್ಟು ಬಾ’ ಎಂದು ತಾನೇ ಆಡಿದ್ದ ಮಾತು ಅಕ್ಕನ ಬಾಯಿ ಕಟ್ಟಿತ್ತು. ನಾನು ಅವ್ವನ ಹಿಂದೆ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ. ಆ ವಾರವೇ ಅಪ್ಪ ಅವಳನ್ನು ಗಂಡನ ಮನೆಗೆ ಬಿಟ್ಟು ಬಂದ.

ಅವಳು ಅಲ್ಲೇ ಬಾಳಿದಳು. ಬಾಳಿದಳು ಅನ್ನಬೇಕಷ್ಟೆ. ಎರಡು ವರ್ಷ ಕಳೆಯುವುದರೊಳಗೆ ಒಂದು ಏಟಿಗೆ ಅವಳ ಎಡಗಿವಿ ಕೇಳದಂತಾಯಿತು. ಆಮೇಲೆ ಅವಳು ಕೋಳಿ ಸಾಕಲೇ ಇಲ್ಲ. ಯಾರಾದರೂ ಕೇಳಿದರೆ, “ನನ್ನ ಕೈಗೆ ಅವು ಹತ್ತಲ್ಲ” ಅನ್ನುತ್ತಿದ್ದಳು. ಪ್ರತಿ ಸಲ ಅದನ್ನು ಕೇಳಿಸಿಕೊಂಡೂ ನಾನು ಸುಮ್ಮನಿದ್ದೆ.

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ, ನನಗೂ ಮೊಮ್ಮಕ್ಕಳಾದ ಮೇಲೆ, ಅವಳು ನಮ್ಮ ಮನೆಗೆ ಬಂದಿದ್ದ ಒಂದು ದಿನ ಹೇಳಿದೆ. ಅವಳ ಬಲಗಡೆ ಕೂತು, ಕಡ್ಡಿ ಆಡಿಸದೇ ಇದ್ದದ್ದು, ತುಂಬಿದ್ದ ಡಬ್ಬ, ತೊಳೆದಿಟ್ಟದ್ದು, ಎಲ್ಲವನ್ನೂ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಿದಳು.

“ಅವತ್ತೇ ಹೇಳಿದ್ರೆ ಅಪ್ಪ ನಿನ್ನ ಏನ್ ಮಾಡ್ತಿದ್ದ?”

“ಎರಡು ಏಟು ಬಿಡ್ತಿದ್ದ.”

“ಎರಡೇನಾ?”

“ಎರಡೋ, ಮೂರೋ.”

ಅವಳು ಮಡಿಲಿನ ಸಿಪ್ಪೆಯನ್ನು ಮೊರಕ್ಕೆ ಕೊಡವಿ ಎದ್ದಳು. ಬಸ್ಸಿಗೆ ಹೊತ್ತಾಯಿತು ಅಂದಳು. ಅವಳ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ನಾನು ಅವಳ ಚೀಲ ತಂದುಕೊಟ್ಟೆ.