ಟೈರಿನ ಮೇಲಿಟ್ಟ ಅಂಗೈ

ಚಾಮರಾಜಪೇಟೆಯ ಆ ಟೈರ್ ಅಂಗಡಿಯವರು ಕಣ್ಣು ಮುಚ್ಚಿಕೊಂಡೇ ಹೆಬ್ಬೆರಳಿನಿಂದ ಟೈರಿನ ಪಕ್ಕೆ ಒತ್ತಿ ನೋಡುತ್ತಿದ್ದರು. ಯಾರೇ ಬಂದರೂ ಅವರದು ಒಂದೇ ಮಾತು: "ಎಷ್ಟು ಭಾರ ಹೊರ್ಬೇಕು, ಮೊದ್ಲು ಅದು ಹೇಳಿ."

ನಮ್ಮದು ಮದುವೆ ಅಡುಗೆಯ ಪಾತ್ರೆಗಳನ್ನು ಜೀಪಿನ ಹಿಂದೆ ಎಳೆದೊಯ್ಯುವ ಟ್ರೇಲರ್. ಒಮ್ಮೆ ಟೈರ್ ಸಿಡಿದು ಅದು ಜೀಪಿನ ಸಮೇತ ಮಗುಚಿ, ಓಡಿಸುತ್ತಿದ್ದ ನನ್ನ ಗಂಡನ ತೋಳು ಮುರಿಯಿತು. ಇನ್ನು ಜೀಪನ್ನು ನಾನೇ ಓಡಿಸಬೇಕಿತ್ತು. ಮುಂದಿನ ಮದುವೆಯ ದಿನ ನಸುಕಿನಲ್ಲೇ ಟ್ರೇಲರನ್ನು ಆ ಅಂಗಡಿಗೆ ತಂದೆ.

"ಹಳೇ ಕಾರಿನ ಟೈರ್ ಹಾಕ್ಸಿದ್ರಲ್ಲಮ್ಮ. ಅದು ಜನ ಕೂರೋ ಗಾಡಿಗೆ. ಹಂಡೆ, ಕೊಪ್ಪರಿಗೆ ಹೊರೋಕೆ ಪಕ್ಕೆ ಗಟ್ಟಿ ಇರ್ಬೇಕು," ಎನ್ನುತ್ತ ಅಂಗಡಿಯವರು ಟ್ರೇಲರಿಗೆಂದೇ ಮಾಡಿದ ಟೈರುಗಳನ್ನು ಹಾಕಿದರು.

"ಆದ್ರೂ ಭಯ ಆಗ್ತಿದೆ ಅಣ್ಣ," ಎಂದೆ.

ಅವರು ಸ್ಕೂಟರ್ ಹತ್ತಿದರು. ಬೆಳಗಿನ ಮಂಜಿನಲ್ಲಿ ವೈಯಾಲಿಕಾವಲ್‌ನ ಮದುವೆ ಛತ್ರದವರೆಗೂ ನನ್ನ ಜೀಪಿನ ಕನ್ನಡಿಯೊಳಗೆ ತೇಲಿದಂತೆ ಹಿಂದೆ ಬಂದರು. ಸಿಗ್ನಲ್ ಬಿದ್ದಾಗಲೆಲ್ಲ ಇಳಿದು, ಮಗುವಿನ ಜ್ವರ ನೋಡುವವರಂತೆ ಟೈರಿನ ಮೇಲೆ ಅಂಗೈ ಇಡುತ್ತಿದ್ದರು.

ಛತ್ರದ ಮುಂದೆ, "ನೀವೇ ಮುಟ್ಟಿ ನೋಡಿ. ಭಾರ ತಾಳ್ದೇ ಇದ್ರೆ ಟೈರ್ ಕೈ ಸುಡುತ್ತೆ," ಎಂದರು. ಮುಟ್ಟಿದೆ. ಉಗುರುಬೆಚ್ಚಗಿತ್ತು, ಅಷ್ಟೆ. ನಾನು ತಲೆಯೆತ್ತುವಷ್ಟರಲ್ಲಿ ಅವರ ಸ್ಕೂಟರ್ ತಿರುವಿನಲ್ಲಿ ಮರೆಯಾಗುತ್ತಿತ್ತು.

ಸಂಜೆ ಪಾತ್ರೆಗಳನ್ನೆಲ್ಲ ತುಂಬಿಸಿಕೊಂಡು, ಒಬ್ಬಳೇ ಗಾಡಿ ಓಡಿಸಿಕೊಂಡು ಮನೆಗೆ ಬಂದೆ.